ಮರೆವು ಬಂದ ಅಮ್ಮನಿಗೆ ಕರ್ತನ ರಾತ್ರಿ ಭೋಜನ

ಪ್ರಶ್ನೆ: ನಮ್ಮದು ಮಂಜೇಶ್ವರ ತಾಲೂಕಿನ ಒಳಗಿನ ಊರು. ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು. ಅಮ್ಮನಿಗೆ 81 ವರ್ಷ. ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ನನ್ನ ಹೆಸರು ಕೂಡ ನೆನಪಿಲ್ಲ, ನನ್ನನ್ನು ತೀರಿಹೋದ ಅವರ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಸಭಾಪಾಲಕರು ತಿಂಗಳಿಗೊಮ್ಮೆ ಸಂಜೆ ಮನೆಗೆ ಬಂದು ರಾತ್ರಿ ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಕಳೆದ ಸಲ ಅಮ್ಮ ರೊಟ್ಟಿಯನ್ನು ಉಗುಳಿದರು, ದ್ರಾಕ್ಷಾರಸ ಕುಡಿಸಿದಾಗ ಜೋರಾಗಿ ಕೆಮ್ಮಿದರು. ಅಲ್ಲಿದ್ದ ನನ್ನ ಸೋದರಮಾವ, "ನನ್ನನ್ನು ನೆನಸಿಕೊಳ್ಳುವುದಕ್ಕಾಗಿ ಮಾಡಿ ಎಂದು ಕರ್ತನು ಹೇಳಿದ್ದು. ನೆನಪೇ ಇಲ್ಲದವರಿಗೆ ಕೊಟ್ಟರೆ ಅಯೋಗ್ಯವಾಗಿ ತೆಗೆದುಕೊಂಡ ಹಾಗಾಗುತ್ತದೆ, ದಂಡನೆ ಅಕ್ಕನ ಮೇಲೇ ಬರುತ್ತದೆ. ಇನ್ನು ನಿಲ್ಲಿಸಿ" ಎಂದರು. ಬೇಳದ ಕಡೆ ಕೆಥೊಲಿಕ್ ಮನೆಗೆ ಮದುವೆಯಾದ ಚಿಕ್ಕಮ್ಮನ ಮಗಳು, ತಮ್ಮಲ್ಲಿ ಇಂಥವರಿಗೂ ಕೊಡುತ್ತಾರೆ ಎನ್ನುತ್ತಾಳೆ. ಯಾವುದು ಸರಿ? ಕೊಡುವುದಾದರೆ ಹೇಗೆ ಕೊಡಬೇಕು?

ಉತ್ತರ: ನಿಲ್ಲಿಸಬೇಡಿ. ಕೊಡುವ ಕ್ರಮವನ್ನು ಬದಲಾಯಿಸಿದರೆ ಸಾಕು. ಅಮ್ಮ ಉಗುಳಿದ್ದಕ್ಕೂ ಕೆಮ್ಮಿದ್ದಕ್ಕೂ ಶರೀರದಲ್ಲೇ ಕಾರಣಗಳಿವೆ, ಅವನ್ನು ಸರಿಪಡಿಸಲು ದಾರಿಯಿದೆ. ಆದರೆ ನಿಮ್ಮ ಮಾವ ಎತ್ತಿದ ಪ್ರಶ್ನೆಯನ್ನು ಹಗುರವಾಗಿ ಬದಿಗಿಡುವಂತಿಲ್ಲ. ಅವರು ದೇವಭಯದಿಂದಲೇ ಹಾಗೆ ಹೇಳಿದ್ದಾರೆ, ಅಕ್ಕನ ಮೇಲಿನ ಕಾಳಜಿಯಿಂದಲೂ ಹೇಳಿದ್ದಾರೆ. ಆದ್ದರಿಂದ ಮೊದಲು 'ನೆನಪು' ಎಂಬ ಆ ಒಂದು ಮಾತನ್ನು ಬಿಡಿಸಿ ನೋಡೋಣ. ಚಮಚ, ಬಟ್ಟಲುಗಳ ವಿಷಯ ಆಮೇಲೆ.

ಕನ್ನಡದಲ್ಲಿ ನಾವು 'ನನಗೆ ನೆನಪಾಯಿತು' ಎನ್ನುತ್ತೇವೆ, 'ನಾನು ನೆನೆದೆ' ಎಂದೂ ಎನ್ನುತ್ತೇವೆ. ಮೊದಲನೆಯದು ನಿದ್ದೆ ಬಂದ ಹಾಗೆ, ಬಾಯಾರಿಕೆ ಆದ ಹಾಗೆ ತಾನಾಗಿ ಆಗುವಂಥದ್ದು. ಅದು ಮೆದುಳಿನ ಕೆಲಸ, ನಿಮ್ಮ ಅಮ್ಮನಿಂದ ಕಾಯಿಲೆ ಕಿತ್ತುಕೊಂಡದ್ದು ಅದನ್ನು. ಎರಡನೆಯದು ನಾವು ಮಾಡುವಂಥದ್ದು. ದೇವರನ್ನು ನೆನೆಯುವುದು, ನಾಮಸ್ಮರಣೆ ಮಾಡುವುದು, ಉಪಕಾರ ಸ್ಮರಿಸುವುದು, ಇವೆಲ್ಲ ನಾಲಿಗೆ, ಕೈ, ಮೊಣಕಾಲು ಸೇರಿ ನಡೆಸುವ ಕ್ರಿಯೆಗಳು. ಉಪಕಾರಸ್ಮರಣೆ ಇಲ್ಲದವನು ಎಂದು ಊರಿನವರು ಬೈಯುವುದು ಯಾರನ್ನು? ಮರೆಗುಳಿಯನ್ನು ಯಾರೂ ಹಾಗೆ ಬೈಯುವುದಿಲ್ಲ. ಎಲ್ಲ ಚೆನ್ನಾಗಿ ನೆನಪಿದ್ದೂ ತಿರುಗಿ ನೋಡದವನನ್ನು ಬೈಯುತ್ತಾರೆ.

ಸತ್ಯವೇದ (ಬೈಬಲ್) ಹೇಳುವ ನೆನಪು ಈ ಎರಡನೆಯ ಬಗೆಯದು. ಹಳೆಯ ಒಡಂಬಡಿಕೆಯ ಹೀಬ್ರೂ ಮಾತು 'ಜಾಖರ್'. ಆದಿಕಾಂಡ 8ನೇ ಅಧ್ಯಾಯದ ಮೊದಲ ವಚನದಲ್ಲಿ ದೇವರು ನೋಹನನ್ನು ನೆನಪಿಗೆ ತಂದುಕೊಂಡನು ಎಂದಿದೆ, ಅದೇ ವಚನದಲ್ಲಿ ಗಾಳಿ ಬೀಸಿ ನೀರು ಇಳಿಯತೊಡಗುತ್ತದೆ. ವಿಮೋಚನಕಾಂಡ 2ನೇ ಅಧ್ಯಾಯದ ಕೊನೆಯಲ್ಲಿ ದೇವರು ತನ್ನ ಒಡಂಬಡಿಕೆಯನ್ನು ನೆನಪುಮಾಡಿಕೊಳ್ಳುತ್ತಾನೆ, 3ನೇ ಅಧ್ಯಾಯದಲ್ಲಿ ಮೋಶೆಗೆ ಉರಿಯುವ ಪೊದೆ ಕಾಣಿಸುತ್ತದೆ. ಅಷ್ಟರ ತನಕ ದೇವರು ಮರೆತಿದ್ದನು ಎಂದು ಯಾರೂ ಅರ್ಥಮಾಡುವುದಿಲ್ಲ. ದೇವರು ನೆನೆದನು ಎಂದರೆ ಕಾಪಾಡಲು ಎದ್ದನು ಎಂದೇ.

ಜನರ ಕಡೆಯ ನೆನಪೂ ಹಾಗೆಯೇ. ಪಸ್ಕ ಹಬ್ಬವನ್ನು ವಿಮೋಚನಕಾಂಡ 12:14 'ಜಿಕ್ಕಾರೋನ್' ಎನ್ನುತ್ತದೆ, ಜ್ಞಾಪಕದ ಗುರುತು ಎಂದು ಅರ್ಥ. ಇಸ್ರಾಯೇಲರು ಐಗುಪ್ತ ದೇಶ ಬಿಟ್ಟು ಬಂದ ರಾತ್ರಿಯನ್ನು ಕಣ್ಣುಮುಚ್ಚಿ ಧ್ಯಾನಿಸಿ ಎಂದು ಅಲ್ಲಿ ಹೇಳಿಲ್ಲ. ಹುಳಿಯಿಲ್ಲದ ರೊಟ್ಟಿ ತಿನ್ನಿ, ಕಹಿ ಸೊಪ್ಪು ತಿನ್ನಿ, ನಡುಕಟ್ಟಿ ಕೆರ ಮೆಟ್ಟಿ ಕೋಲು ಹಿಡಿದು ತ್ವರೆಯಾಗಿ ತಿನ್ನಿ ಎಂದಿದೆ. ಮಕ್ಕಳು ಇದೇನು ಎಂದು ಕೇಳಿದರೆ 'ಯೆಹೋವನು ನನಗೆ ಮಾಡಿದ ಉಪಕಾರ' ಎಂದು ಉತ್ತರಿಸಬೇಕು ಎಂದು 13ನೇ ಅಧ್ಯಾಯ ಹೇಳುತ್ತದೆ. ಆ 'ನನಗೆ' ಎಂಬ ಮಾತನ್ನು ಗಮನಿಸಿ. ತಲೆಮಾರುಗಳು ಕಳೆದ ಮೇಲೆ ಹಾಗೆ ಹೇಳುವ ತಂದೆ ಐಗುಪ್ತವನ್ನು ಕಂಡವನೇ ಅಲ್ಲ, ಅವನ ಅಜ್ಜನೂ ಕಂಡಿಲ್ಲ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದ್ಯರ ಧರ್ಮನಿಯಮಗಳ ಸಂಗ್ರಹ ಮಿಷ್ನಾ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ: ಪ್ರತಿ ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟು ಬಂದವನೆಂದು ತಿಳಿಯಬೇಕು. ಕಂಡ ನೆನಪು ಒಬ್ಬರಿಗೂ ಇಲ್ಲ, ಆದರೂ ಎಲ್ಲರೂ ನೆನೆಯುತ್ತಾರೆ. ಮೇಜಿನ ಸುತ್ತ ಕುಳಿತು ಒಬ್ಬರಿಂದ ಒಬ್ಬರು ಪಡೆದುಕೊಳ್ಳುವ ನೆನಪು ಅದು.

ಅಂಥದ್ದೇ ಪಸ್ಕದ ಊಟದಲ್ಲಿ ಕುಳಿತು ಯೇಸು ರೊಟ್ಟಿ ತೆಗೆದುಕೊಂಡನು, ಸ್ತೋತ್ರಮಾಡಿದನು, ಮುರಿದನು, ಕೊಟ್ಟನು. ಈ ನಾಲ್ಕು ಕೆಲಸಗಳಾದ ಮೇಲೆ ಲೂಕ 22:19ರ ಮಾತು ಬರುತ್ತದೆ, 'ನನ್ನನ್ನು ನೆನಸಿಕೊಳ್ಳುವುದಕ್ಕಾಗಿ ಹೀಗೆ ಮಾಡಿರಿ' ಎಂದು. ಮತ್ತಾಯ, ಮಾರ್ಕರಲ್ಲಿ ಈ ಮಾತಿಲ್ಲ. ಲೂಕನಲ್ಲಿದೆ, ಅದಕ್ಕೂ ಮೊದಲೇ, ಕ್ರಿ.ಶ. 53-55ರ ಹೊತ್ತಿಗೆ ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ಗ್ರೀಕಿನಲ್ಲಿ ಆ ನೆನಪಿನ ಹೆಸರು 'ಅನಮ್ನೇಸಿಸ್'. ಇನ್ನೊಂದು ಸಣ್ಣ ವಿಷಯ: ಅಪ್ಪಣೆ ಇರುವುದು 'ಮಾಡಿರಿ' ಎಂದು, ಬಹುವಚನದಲ್ಲಿ. ಒಬ್ಬೊಬ್ಬನೂ ತನ್ನ ತಲೆಯೊಳಗೆ ಎಷ್ಟು ನೆನಪು ಉಳಿಸಿಕೊಂಡಿದ್ದಾನೆ ಎಂಬ ಲೆಕ್ಕ ಅಲ್ಲಿ ಇಲ್ಲ. ಸಭೆ ಸೇರಿ ಮಾಡುವ ಕೆಲಸದಲ್ಲಿ ಆ ನೆನಪು ಇದೆ.

ನಮ್ಮ ಸಿಎಸ್‌ಐ ಆರಾಧನಾ ಕ್ರಮವೂ ಇದನ್ನೇ ಹೇಳಿಸುತ್ತದೆ. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ಸಿಎಸ್‌ಐ ಹುಟ್ಟಿತು. 1950ರಲ್ಲಿ ಮೊದಲು ಬಳಕೆಗೆ ಬಂದ ಭೋಜನದ ಕ್ರಮದಲ್ಲಿ ಸಭೆಯವರು ಒಟ್ಟಾಗಿ ಹೇಳುವ ಒಂದು ಭಾಗವಿದೆ. ಕರ್ತನೇ, ನಿನ್ನ ಮರಣವನ್ನು ಸ್ಮರಿಸುತ್ತೇವೆ, ನಿನ್ನ ಪುನರುತ್ಥಾನವನ್ನು ಒಪ್ಪಿ ಹೇಳುತ್ತೇವೆ, ನಿನ್ನ ಎರಡನೆಯ ಬರೋಣವನ್ನು ಎದುರುನೋಡುತ್ತೇವೆ ಎಂಬುದು ಅದರ ಸಾರ. ಪೂರ್ವದ ಸಿರಿಯನ್ ಸಭೆಗಳ ಪ್ರಾರ್ಥನೆಯಿಂದ ಬಂದ ಮಾತಿದು. ಸ್ಮರಿಸುತ್ತೇವೆ, ಒಪ್ಪಿ ಹೇಳುತ್ತೇವೆ, ಎದುರುನೋಡುತ್ತೇವೆ. ಮೂರಕ್ಕೂ ಕರ್ತೃ 'ನಾವು'. ಅಮ್ಮ ಆ 'ನಾವು' ಎಂಬುದರ ಒಳಗಿದ್ದಾರೆ. ಅವರನ್ನು ಅದರಿಂದ ಹೊರಗಿಡುವ ಅಧಿಕಾರ ಕಾಯಿಲೆಗೆ ಇಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಗೊಂದಲವೂ ಆಗುವುದುಂಟು. ತೀರಿಹೋದವರಿಗೆ ಎಲೆ ಹಾಕಿ ಅಗೆಲು ಬಡಿಸುವುದನ್ನು ತುಳು ಮನೆಗಳಲ್ಲಿ ಕಂಡವರು ಕರ್ತನ ಭೋಜನವನ್ನೂ ಸತ್ತವರ ದಿನದ ಊಟದ ಹಾಗೆ ನೋಡುತ್ತಾರೆ. ನೆನಪು ಮಾಸಿದರೆ ದಿನ ಮಾಡಿದ ಫಲವೂ ಹೋಯಿತು ಎಂಬ ಭಾವನೆ ಅಲ್ಲಿಂದ ಬರುತ್ತದೆ. ಅಗೆಲಿನಲ್ಲಿ ಮನೆಯವರು ಹೋದವರಿಗೆ ಬಡಿಸುತ್ತಾರೆ. ಇಲ್ಲಿ ಬಡಿಸುವವನು ಕರ್ತನೇ, ಅದೂ ಜೀವಿಸುವವನಾಗಿ. ಉಣ್ಣುವವರ ಕೆಲಸ ಬಾಯಿ ತೆರೆಯುವುದು, ಕೈ ಚಾಚುವುದು.

ರೊಟ್ಟಿಯಲ್ಲಿ ಕ್ರಿಸ್ತನು ಹೇಗೆ ಇದ್ದಾನೆ ಎಂಬ ವಾದದ ಚರಿತ್ರೆ ದೊಡ್ಡದು, ನಿಮ್ಮ ಪ್ರಶ್ನೆಗೆ ಅದರಲ್ಲಿ ಸ್ವಲ್ಪ ಸಾಕು. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಪ್ರಾಟೆಸ್ಟೆಂಟ್ ಸುಧಾರಕರಾದ ಜರ್ಮನಿಯ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರುಬದುರಾಗಿ ಕುಳಿತು ಈ ಒಂದು ವಿಷಯದಲ್ಲಿ ಒಪ್ಪದೆ ಎದ್ದರು. 'ಇದು ನನ್ನ ದೇಹ' ಎಂಬುದನ್ನು ಇದ್ದ ಹಾಗೇ ಹಿಡಿದವನು ಲೂಥರ್. ನೆನಪಿಗೆ, ನಂಬಿಕೆಗೆ ಹೆಚ್ಚು ಒತ್ತು ಕೊಟ್ಟವನು ಜ್ವಿಂಗ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳು ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಈ ಎರಡೂ ಪರಂಪರೆಗಳ ನಡುವಿನಿಂದ ಬಂದವರು, ಹಾಗಾಗಿ ನಮ್ಮ ಹಿರಿಯರ ಮಾತಿನಲ್ಲಿ ಎರಡರ ಧ್ವನಿಯೂ ಕೇಳುತ್ತದೆ. ನಿಮ್ಮ ಮಾವನ ಮಾತು ಜ್ವಿಂಗ್ಲಿಯ ಕಡೆ ವಾಲುತ್ತದೆ. ಆದರೆ ಜ್ವಿಂಗ್ಲಿ ಕೂಡ ಅದನ್ನು ಒಂಟಿ ಮನಸ್ಸಿನ ವ್ಯಾಯಾಮ ಮಾಡಲಿಲ್ಲ. 1525ರಲ್ಲಿ ಜೂರಿಕ್‌ನಲ್ಲಿ ಅವನು ತಂದ ಕ್ರಮದಲ್ಲಿ ಮರದ ತಟ್ಟೆಯಲ್ಲಿ ರೊಟ್ಟಿಯನ್ನೂ ಮರದ ಬಟ್ಟಲಲ್ಲಿ ದ್ರಾಕ್ಷಾರಸವನ್ನೂ ಜನ ಕುಳಿತಲ್ಲಿಗೇ ಒಯ್ಯುತ್ತಿದ್ದರು, ಒಬ್ಬರು ಪಕ್ಕದವರಿಗೆ ಕೊಡುತ್ತಿದ್ದರು.

ಇನ್ನು ಮಾವನ ನಿಜವಾದ ಭಯಕ್ಕೆ ಬರೋಣ. ಅದು 1 ಕೊರಿಂಥ 11:27-30ರಲ್ಲಿದೆ. ಅಯೋಗ್ಯವಾಗಿ ತಿಂದರೆ ಅಪರಾಧ, ದೇಹವನ್ನು ವಿವೇಚಿಸದೆ ತಿಂದರೆ ದಂಡನೆ, ಅದಕ್ಕಾಗಿಯೇ ನಿಮ್ಮಲ್ಲಿ ಅನೇಕರು ರೋಗಿಗಳು. ಈ ವಚನಗಳಿಗೆ ಹೆದರಿ ವರ್ಷಗಟ್ಟಲೆ ಮೇಜಿನ ಹತ್ತಿರ ಬಾರದವರು ನಮ್ಮ ಸಭೆಗಳಲ್ಲಿ ಇದ್ದಾರೆ. ಆದರೆ ಅವನ್ನು ಮಾತ್ರ ಕಿತ್ತು ಓದಬಾರದು, 17ನೇ ವಚನದಿಂದ 34ರ ತನಕ ಒಂದೇ ಉಸಿರಿನಲ್ಲಿ ಓದಬೇಕು.

ಕೊರಿಂಥದಲ್ಲಿ ಸಭೆ ಕೂಡುತ್ತಿದ್ದದ್ದು ಉಳ್ಳವರ ಮನೆಯಲ್ಲಿ. ಆ ಕಾಲದ ರೋಮನ್ ಮನೆಯ ಊಟದ ಕೋಣೆಯಲ್ಲಿ ವಾಡಿಕೆಯಂತೆ 9 ಜನ ಒರಗಿ ಕೂರಲು ಜಾಗ. ಉಳಿದವರಿಗೆ ಹೊರಗಿನ ಅಂಗಳ. ನಮ್ಮ ಮಾತಿನಲ್ಲಿ ಹೇಳುವುದಾದರೆ ಚಾವಡಿಯಲ್ಲಿ ಕೆಲವರು, ಜಗಲಿಯಲ್ಲಿ ಹಲವರು. ಬಿಡುವಿದ್ದವರು ಬೇಗ ಬಂದು ತಾವು ತಂದದ್ದನ್ನು ತಿಂದು ಮುಗಿಸುತ್ತಿದ್ದರು. ದಿನವಿಡೀ ದುಡಿದು ಕತ್ತಲಾದ ಮೇಲೆ ಬರುವ ಆಳುಗಳಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬನು ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ ಎಂದು 21ನೇ ವಚನ ಹೇಳುತ್ತದೆ. ಇಲ್ಲದವರನ್ನು ನಾಚಿಸುತ್ತೀರಾ ಎಂದು 22ನೆಯದು ಕೇಳುತ್ತದೆ. ಪೌಲನು ಅಯೋಗ್ಯವಾಗಿ ತಿನ್ನುವುದು ಎಂದದ್ದು ಇದನ್ನೇ. ಗ್ರೀಕಿನಲ್ಲಿ ಆ ಪದ ಕ್ರಿಯಾವಿಶೇಷಣ. ತಿನ್ನುವ ರೀತಿಯನ್ನು ಅದು ಹೇಳುತ್ತದೆ, ತಿನ್ನುವ ಮನುಷ್ಯನ ಯೋಗ್ಯತೆಯನ್ನು ಅಳೆಯುವುದಿಲ್ಲ. 'ದೇಹವನ್ನು ವಿವೇಚಿಸುವುದು' ಎಂಬಲ್ಲಿಯೂ ಹಿಂದಿನ ಅಧ್ಯಾಯದ ಮಾತು ಜೊತೆಗಿರಬೇಕು: ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ. ಪಕ್ಕದಲ್ಲಿ ಕುಳಿತವನು ಆ ದೇಹದ ಅಂಗ ಎಂದು ಕಾಣದೆ ತಿನ್ನುವುದೇ ವಿವೇಚನೆ ಇಲ್ಲದ ಊಟ.

ಅಷ್ಟು ಕಠಿಣವಾಗಿ ಗದರಿದ ಪೌಲನು ಕೊನೆಗೆ ಕೊಡುವ ಪರಿಹಾರ ಏನು? 33ನೇ ವಚನ: ಊಟಕ್ಕೆ ಕೂಡಿಬರುವಾಗ ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ. ನೆನಪಿನ ಪರೀಕ್ಷೆಯನ್ನು ಅವನು ಇಡಲಿಲ್ಲ. ತಡವಾಗಿ ಬರುವವರಿಗಾಗಿ ಕಾಯಿರಿ ಎಂದನು. ನಿಮ್ಮ ಮನೆಯಲ್ಲಿ ಈಗ ತಡವಾಗಿ ಬರುತ್ತಿರುವವರು ಅಮ್ಮ. ಮಾತು ತಡ, ನುಂಗುವುದು ತಡ. ಅವರನ್ನು ಬಿಟ್ಟು ನಾವು ಮಾತ್ರ ತಿಂದರೆ ಆ ವಚನಗಳ ಗದರಿಕೆ ತಿರುಗುವುದು ನಮ್ಮ ಕಡೆಗೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಿ ಎಂಬ 28ನೇ ವಚನವೂ ಪರೀಕ್ಷಿಸಿಕೊಳ್ಳಲು ಶಕ್ತಿ ಇದ್ದವರಿಗೆ ಹೇಳಿದ್ದು. ಅಮ್ಮ 60-65 ವರ್ಷ ಅದನ್ನು ಮಾಡಿದ್ದಾರೆ. ದೃಢೀಕರಣದ ದಿನ ಸಭೆಯ ಮುಂದೆ ಒಪ್ಪಿಕೊಂಡದ್ದನ್ನು ಅವರು ಹಿಂದಕ್ಕೆ ಪಡೆದಿಲ್ಲ.

ಮಾವನಿಗೆ ತೋರಿಸಬೇಕಾದ ಎರಡು ಜಾಗಗಳು ಇನ್ನೂ ಇವೆ. ಒಂದು ಯೆಶಾಯ 49:15. ಮೊಲೆಗೂಸನ್ನು ತಾಯಿ ಮರೆತಾಳೇ ಎಂದು ಕೇಳಿ, ಅವಳು ಮರೆತರೂ ಮರೆಯಬಹುದು, ನಾನು ನಿನ್ನನ್ನು ಮರೆಯುವುದಿಲ್ಲ ಎಂದು ದೇವರು ಹೇಳುತ್ತಾನೆ. ಮಗಳ ಹೆಸರನ್ನೇ ಮರೆತ ತಾಯಿಯ ಮನೆಯಲ್ಲಿ ಈ ವಚನವನ್ನು ಓದಲು ಗಂಟಲು ಕಟ್ಟುತ್ತದೆ, ಆದರೂ ಓದಬೇಕು. ಮುಂದಿನ ವಚನದಲ್ಲಿ ದೇವರು ತನ್ನ ಅಂಗೈಯಲ್ಲಿ ನಿನ್ನನ್ನೇ ಕೆತ್ತಿದ್ದೇನೆ ಎನ್ನುವ ಮಾತಿದೆ. ಇನ್ನೊಂದು ಲೂಕ 23:42. 22ನೇ ಅಧ್ಯಾಯದಲ್ಲಿ 'ನನ್ನನ್ನು ನೆನಸಿಕೊಳ್ಳಿ' ಎಂದ ಯೇಸುವಿಗೆ, ಮುಂದಿನ ಅಧ್ಯಾಯದಲ್ಲಿ ಪಕ್ಕದ ಶಿಲುಬೆಯ ಕಳ್ಳನು 'ನನ್ನನ್ನು ನೆನಸಿಕೋ' ಎನ್ನುತ್ತಾನೆ. ಆ ಕಳ್ಳನು ಮೇಜಿನಲ್ಲಿ ಇರಲಿಲ್ಲ, ರೊಟ್ಟಿ ಮುಟ್ಟಿರಲಿಲ್ಲ. ಅವನಿಗೆ ಅದೇ ದಿನ ಉತ್ತರ ಸಿಕ್ಕಿತು. ನಮ್ಮ ನೆನಪು ಸೋತಲ್ಲಿ ಆತನ ನೆನಪು ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಭೋಜನ ನಡೆಯುವುದು.

ಈಗ ಕೊಡುವ ಕ್ರಮ.

ಮನೆಗೆ ಭೋಜನ ಒಯ್ಯುವುದು ಹೊಸ ಏರ್ಪಾಡು ಎಂದು ಯಾರಾದರೂ ಹೇಳಿದರೆ, ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ಆದಿಸಭೆಯ ಲೇಖಕ ಜಸ್ಟಿನ್ ಬರೆದದ್ದನ್ನು ಹೇಳಿ. ಭಾನುವಾರ ಸಭೆಗೆ ಬಾರದವರ ಪಾಲನ್ನು ಸಭಾಸೇವಕರು ಮನೆಗೆ ಮುಟ್ಟಿಸುತ್ತಿದ್ದರು ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ.

ಮೊದಲು ಅಮ್ಮ ನುಂಗುವುದನ್ನು ತಿಳಿದವರಿಂದ ನೋಡಿಸಿ. ಕೇರಳದಲ್ಲಿ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ, ಅವರ ಎದುರು ನೀರು, ಗಂಜಿ, ಮೆತ್ತಗಿನ ಅನ್ನ ಒಂದೊಂದು ಚಮಚ ಕೊಟ್ಟು ನೋಡಿ. ಮರೆವಿನ ಕಾಯಿಲೆ ಮುಂದುವರಿದಂತೆ ನುಂಗುವ ಸ್ನಾಯುಗಳ ಹೊಂದಾಣಿಕೆ ತಪ್ಪುತ್ತದೆ. ಅವರಿಗೆ ಎಲ್ಲಕ್ಕಿಂತ ಕಷ್ಟ ನೀರಿನಂತೆ ತೆಳ್ಳಗಿರುವ ದ್ರವ. ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಶ್ವಾಸನಾಳದ ಕಡೆ ಜಾರುತ್ತದೆ. ದ್ರಾಕ್ಷಾರಸಕ್ಕೆ ಅಮ್ಮ ಕೆಮ್ಮಿದ್ದು ಬಹುಮಟ್ಟಿಗೆ ಇದರಿಂದಲೇ. ಇನ್ನು ಒಣ ಬಿಲ್ಲೆ ಅಥವಾ ಬ್ರೆಡ್ಡಿನ ತುಂಡು, ಜೊಲ್ಲು ಕಡಿಮೆಯಾದ ಬಾಯಲ್ಲಿ ಅಂಗುಳಕ್ಕೆ ಅಂಟಿ ಕೂರುತ್ತದೆ. ಬಾಯಲ್ಲಿ ಏನೋ ಅಂಟಿಕೊಂಡಿದೆ ಎಂದಷ್ಟೇ ತಿಳಿದು ಅವರು ಉಗುಳುತ್ತಾರೆ. ಕರ್ತನನ್ನು ತಿರಸ್ಕರಿಸಿದರು ಎಂದು ಅದಕ್ಕೆ ಅರ್ಥ ಕಟ್ಟಬೇಡಿ.

ಸಂಜೆಯ ಹೊತ್ತನ್ನು ಬದಲಿಸಿ. ಈ ಕಾಯಿಲೆಯವರಿಗೆ ಹೊತ್ತು ಇಳಿಯುತ್ತಿದ್ದಂತೆ ಗಾಬರಿ, ಗಲಿಬಿಲಿ ಹೆಚ್ಚುವುದುಂಟು. ಬೆಳಿಗ್ಗೆ ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ, ಹತ್ತರ ಆಸುಪಾಸು ಒಳ್ಳೆಯದು. ನಿದ್ದೆ ಬರಿಸುವ ಮಾತ್ರೆ ಇದ್ದರೆ ಅದರ ಅಮಲು ಇಳಿದಿರಬೇಕು. ಟಿವಿ ಆರಿಸಿ, ಅಡುಗೆಮನೆಯ ಮಿಕ್ಸಿ ನಿಲ್ಲಿಸಿ. ಕೋಣೆಯಲ್ಲಿ ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ. ಹಲ್ಲಿನ ಸೆಟ್ ಇದ್ದರೆ ಹಾಕಿಸಿ, ತುಟಿ ಮತ್ತು ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ಊರಿ, ಗಲ್ಲ ಸ್ವಲ್ಪ ಕೆಳಗೆ ಬಾಗುವ ಹಾಗೆ ಕುರ್ಚಿಯಲ್ಲಿ ಕೂರಿಸಿ. ಮಲಗಿದ ಭಂಗಿಯಲ್ಲಿ ಏನನ್ನೂ ಬಾಯಿಗೆ ಹಾಕಬಾರದು. ತಲೆ ಹಿಂದಕ್ಕೆ ಬಾಗಿಸಿ ಬಟ್ಟಲಿಂದ ಸುರಿಯುವುದು ಎಲ್ಲಕ್ಕಿಂತ ಅಪಾಯದ್ದು.

ಮೇಜಿಗೆ ಪ್ರತಿ ಸಲವೂ ಅದೇ ಬಿಳಿ ಬಟ್ಟೆ, ಅದೇ ಶಿಲುಬೆ. ಸಭಾಪಾಲಕರು ಬಿಳಿ ನಿಲುವಂಗಿ ತೊಟ್ಟು ಬಂದರೆ ಒಳ್ಳೆಯದು. ಹೆಸರು ಮರೆತವರಿಗೂ ಆ ಬಿಳುಪು ಏನೋ ಹೇಳುತ್ತದೆ. ಅವರು ಪಕ್ಕದಿಂದ ಬಾರದೆ ಎದುರಿಗೆ, ಅಮ್ಮನ ಕಣ್ಣಿನ ಮಟ್ಟಕ್ಕೆ ಕೂರಬೇಕು. 'ನಾನು ಯಾರು ಗೊತ್ತಾಯಿತಾ ಅಮ್ಮ?' ಎಂದು ದಯವಿಟ್ಟು ಯಾರೂ ಕೇಳಬಾರದು. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಉತ್ತರ ಹೊಳೆಯದೆ ಅಮ್ಮನ ಮನಸ್ಸು ಮುದುಡುತ್ತದೆ, ಮುಂದಿನ ಹತ್ತು ನಿಮಿಷ ಹಾಳು. ಕೇಳುವ ಬದಲು ಹೇಳಿ: ನಿಮಗಾಗಿ ಕರ್ತನ ರೊಟ್ಟಿ ತಂದಿದ್ದೇವೆ.

ಆರಾಧನೆ 12-15 ನಿಮಿಷ ಮೀರದಿರಲಿ. ಚಿಕ್ಕ ಪಾಪನಿವೇದನೆ, ಒಂದು ವಚನಭಾಗ, ಸ್ಥಾಪನೆಯ ಮಾತುಗಳಿರುವ ಸ್ತೋತ್ರಪ್ರಾರ್ಥನೆ, ಕರ್ತನ ಪ್ರಾರ್ಥನೆ, ಕೊಡುವುದು, ಆಶೀರ್ವಾದ. ಪ್ರಸಂಗ ಬೇಡ. ಇಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ: ಓದು ಹಳೆಯ ಸತ್ಯವೇದದಿಂದಲೇ ಆಗಲಿ. ನಿನ್ನೆಯ ಸಂಗತಿ ಅಳಿಸಿಹೋದ ಮೇಲೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು, ಹಾಡಿ ಹಾಡಿ ನಾಲಿಗೆಗೆ ಕೂತದ್ದು ಬಹುಕಾಲ ಉಳಿಯುತ್ತದೆ. ಆದರೆ ಅದು ಉಳಿದಿರುವುದು ಕಲಿತ ಶಬ್ದಗಳಲ್ಲೇ. 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಎಂದು ಶುರುಮಾಡಿದರೆ 'ಎಣಿಸಲ್ಪಡಲಿ' ಎಂಬಲ್ಲಿಗೆ ಅವರ ತುಟಿ ತಾನಾಗಿ ಅಲುಗಬಹುದು. ಅದನ್ನೇ ಹೊಸ ಅನುವಾದದ ಸರಳ ಕನ್ನಡದಲ್ಲಿ ಓದಿದರೆ ಅವರಿಗೆ ಅದು ಯಾರದೋ ಮಾತು. 23ನೇ ಕೀರ್ತನೆಯೂ ಹೀಗೆಯೇ, 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಎಂದೇ ಇರಲಿ. ಪ್ರತಿ ಸಾಲಿನ ಮಧ್ಯೆ ನಿಲ್ಲಿಸಿ, ಮೂರು ನಾಲ್ಕು ಸೆಕೆಂಡು ಕಾಯಿರಿ. ಕೊಂಡಿ ಸಿಕ್ಕಿದರೆ ಮುಂದಿನದನ್ನು ಅವರೇ ಹೇಳುವುದುಂಟು. ಸಂಗೀತವನ್ನು (ಸಭೆಯ ಹಾಡನ್ನು) ತಗ್ಗಿದ ಶ್ರುತಿಯಲ್ಲಿ, ಮೊದಲ ಚರಣದಿಂದಲೇ ಹಾಡಿ. ಅಮ್ಮ ಈಗ ತುಳುವಿಗೆ ಜಾರಿದ್ದರೆ ಮಾತೆಲ್ಲ ತುಳುವಿನಲ್ಲಿರಲಿ. ಹೊಸ ಒಡಂಬಡಿಕೆ 1847ರಲ್ಲೇ ತುಳುವಿನಲ್ಲಿ ಅಚ್ಚಾದ ಸೀಮೆ ನಮ್ಮದು, ಅದಕ್ಕೆ ಸಂಕೋಚ ಬೇಡ. ಆದರೆ ಪ್ರಾರ್ಥನೆ ಮಾತ್ರ ಅವರು ಕಲಿತ ಭಾಷೆಯಲ್ಲಿ.

ಕೊಡುವಾಗ ಮೊದಲ ಪಾಲು ಅಮ್ಮನಿಗೆ ಬೇಡ. ಎದುರಿಗೆ ಕುಳಿತ ಇಬ್ಬರು ಮೊದಲು ತೆಗೆದುಕೊಳ್ಳಲಿ, ಒಬ್ಬರು ನೀವೇ ಆಗಿರಿ. ತಿನ್ನುವುದನ್ನು ಕಂಡಾಗ ಅವರ ಬಾಯಿಯೂ ತೆರೆಯುತ್ತದೆ. ಉಪಚಾರ ಮಾಡುವವರು ನೀರು, ಬಟ್ಟೆ ಹಿಡಿದು ಬದಿಗೆ ನಿಂತು, ತಾವು ತೆಗೆದುಕೊಳ್ಳದೆ ಉಳಿಯುವುದು ಮನೆಮನೆಯಲ್ಲೂ ಆಗುವ ತಪ್ಪು.

ರೊಟ್ಟಿಯ ತುಂಡು ಹೆಸರುಕಾಳಿನಷ್ಟು ಸಾಕು. ಅಂಚಿನ ಗಟ್ಟಿ ಭಾಗ ಬೇಡ, ಒಳಗಿನ ಮೆತ್ತಗಿನದು. ಅದನ್ನು ಚಿಕ್ಕ ಚಮಚದಲ್ಲಿಟ್ಟು ಮೇಲೆ ನಾಲ್ಕೈದು ಹನಿ ದ್ರಾಕ್ಷಾರಸ ಬಿಟ್ಟು, ಪೂರ್ತಿ ನೆನೆಯುವ ತನಕ ಹತ್ತು ಸೆಕೆಂಡು ಇಡಿ. ಕನ್ನಡದಲ್ಲಿ ನೆನೆಯುವುದು ಎಂದರೆ ಸ್ಮರಿಸುವುದೂ ಹೌದು, ತೋಯುವುದೂ ಹೌದು. ಎರಡರ ಮೂಲ ಬೇರೆಬೇರೆ, ಆದರೂ ಈ ಚಮಚದಲ್ಲಿ ಎರಡೂ ಒಂದಾಗುತ್ತವೆ. ಚಮಚವನ್ನು ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ ತೆಗೆಯಿರಿ. ಸಭಾಪಾಲಕರು 'ನಿಮಗೋಸ್ಕರ' ಎನ್ನುವಾಗ ಅಮ್ಮನ ಹೆಸರು ಸೇರಿಸಲಿ, ದೀಕ್ಷಾಸ್ನಾನದ ಹೆಸರಿನ ಜೊತೆಗೆ ಮನೆಯಲ್ಲಿ ಚಿಕ್ಕಂದಿನಿಂದ ಕರೆದ ಹೆಸರನ್ನೂ. ಆಮೇಲೆ ಗಂಟಲನ್ನು ನೋಡುತ್ತಿರಿ, ಅದು ಒಮ್ಮೆ ಮೇಲೆದ್ದು ಇಳಿದರೆ ನುಂಗಿದರೆಂದು ಅರ್ಥ. ಅರ್ಧ ನಿಮಿಷ ಆದರೂ ಆಗಬಹುದು. ಕೊನೆಗೆ ಬಾಯಿ ತೆರೆಸಿ ಕೆನ್ನೆಯ ಒಳಬದಿ ನೋಡಿ, ಅಲ್ಲಿ ತುಂಡು ಉಳಿದಿರುವುದುಂಟು.

ನೆನೆಸಿ ಕೊಟ್ಟ ಮೇಲೆ ಬಟ್ಟಲಿಂದ ಬೇರೆಯಾಗಿ ಕುಡಿಸುವ ಅಗತ್ಯವಿಲ್ಲ. ತೆಳ್ಳಗಿನದನ್ನು ಕೆಮ್ಮಿಲ್ಲದೆ ನುಂಗುತ್ತಾರೆ ಎಂದು ನರ್ಸ್ ಹೇಳಿದರೆ ಅರ್ಧ ಚಮಚ, ಅಂದರೆ ಎರಡೂವರೆ ಮಿಲಿಲೀಟರ್ ಕೊಡಬಹುದು, ಅದಕ್ಕಿಂತ ಹೆಚ್ಚು ಬೇಡ. ಸಕ್ಕರೆ ಕಾಯಿಲೆಗೆ ಆ ಅಳತೆಯಿಂದ ತೊಂದರೆಯಿಲ್ಲ. ಮದ್ಯಾಂಶ ಬೇಡವೆಂದು ವೈದ್ಯರು ಹೇಳಿದರೆ, ನಿಮ್ಮ ಸಭಾಪಾಲಕರು ಒಪ್ಪಿದಲ್ಲಿ, 100 ಗ್ರಾಂ ಕಪ್ಪು ಒಣದ್ರಾಕ್ಷಿಯನ್ನು ತೊಳೆದು 400 ಮಿಲಿಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧಕ್ಕೆ ಬತ್ತಿಸಿ, ಹಿಸುಕಿ ಸೋಸಿಕೊಳ್ಳಿ. ಕರಾವಳಿಯ ಸೆಕೆಗೆ ಹೊರಗಿಟ್ಟರೆ ಮರುದಿನವೇ ಹುಳಿ ಏಳುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ನಿಲ್ಲುತ್ತದೆ. ಬತ್ತಿಸಿದ ರಸ ಸ್ವಲ್ಪ ದಪ್ಪವಿರುವುದರಿಂದ ರೊಟ್ಟಿಗೂ ಚೆನ್ನಾಗಿ ಹಿಡಿಯುತ್ತದೆ.

ಉಗುಳಿದರೆ ಗಾಬರಿಪಡಬೇಡಿ, ಗದರಬೇಡಿ. ಶುಭ್ರವಾದ ಬಟ್ಟೆಯಲ್ಲಿ ತೆಗೆದುಕೊಂಡು ಒಂದು ಬಟ್ಟಲು ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹೊಯ್ಯಿರಿ. ಬಚ್ಚಲಿಗೆ ಬೇಡ. ಅದೇ ಹೊತ್ತಿಗೆ ಇನ್ನೊಮ್ಮೆ ಒತ್ತಾಯಿಸುವುದೂ ಬೇಡ. ತುಟಿ ಬಿಗಿಹಿಡಿದರೆ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರಾಯಿತು. ತೆಗೆದುಕೊಂಡ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಿಸಿಯೇ ಇರಿ. ಆಮೇಲೆ ಸ್ವರ ಗೊರಗೊರ ಎಂದರೆ, ಎರಡು ಮೂರು ದಿನದೊಳಗೆ ಜ್ವರ, ಏದುಸಿರು ಕಂಡರೆ ವೈದ್ಯರಿಗೆ ತೋರಿಸಿ, ನುಂಗಿದ್ದು ಶ್ವಾಸಕೋಶದ ಕಡೆ ಹೋಗಿರಬಹುದು.

ನಿಮ್ಮ ಚಿಕ್ಕಮ್ಮನ ಮಗಳು ಹೇಳಿದ್ದು ಸರಿ. ಬೇಳದ 1890ರ ಇಗರ್ಜಿಯವರಿಗಾಗಲಿ ಲ್ಯಾಟಿನ್ ಕ್ರಮದ ಬೇರೆ ಕೆಥೊಲಿಕರಿಗಾಗಲಿ 1983ರ ಧರ್ಮಸಭೆಯ ಕಾನೂನುಸಂಹಿತೆ ಅನ್ವಯಿಸುತ್ತದೆ. ಪರಮಪ್ರಸಾದಕ್ಕೆ (ಅವರಲ್ಲಿ ಈ ಭೋಜನದ ಹೆಸರು) ಮೊದಲು ಒಂದು ಗಂಟೆ ಉಪವಾಸ ಇರಬೇಕೆಂಬ ನಿಯಮದಿಂದ ಮುದುಕರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅದರ 919ನೇ ಕಲಮು ವಿನಾಯಿತಿ ಕೊಟ್ಟಿದೆ. ಅಗತ್ಯ ಬಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೂ ಕೊಡಬಹುದೆಂದು 925ನೆಯದು ಹೇಳುತ್ತದೆ.

ಒಂದು ದಿನ ಅಮ್ಮನಿಗೆ ಹೆಸರುಕಾಳಿನಷ್ಟೂ ನುಂಗಲು ಆಗದೆ ಹೋಗಬಹುದು. ಆಗಲೂ ಸಭಾಪಾಲಕರು ಬರಲಿ. ಸಿಎಸ್‌ಐಗೆ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಕಡೆಯಿಂದ ಬಂದ ಪರಂಪರೆಯಲ್ಲಿ, 1662ರ ಪ್ರಾರ್ಥನಾಪುಸ್ತಕದ ರೋಗಿಗಳ ಭೋಜನದ ಭಾಗದಲ್ಲಿ, ಇದಕ್ಕೇ ಒಂದು ಸೂಚನೆ ಇದೆ: ನಂಬಿಕೆಯುಳ್ಳ ರೋಗಿ ಬಾಯಿಂದ ತೆಗೆದುಕೊಳ್ಳಲಾಗದಿದ್ದರೂ ಕ್ರಿಸ್ತನ ದೇಹವನ್ನೂ ರಕ್ತವನ್ನೂ ನಿಜವಾಗಿ ಪಡೆಯುತ್ತಾನೆ. ಬಟ್ಟಲಿನ ಅಂಚನ್ನು ತುಟಿಗೆ ತಾಗಿಸಿ, ಕೀರ್ತನೆ ಓದಿ, ಉಳಿದವರು ತೆಗೆದುಕೊಳ್ಳಿ.

ಮುಂದಿನ ತಿಂಗಳು ಮಾವನನ್ನೂ ಕರೆಯಿರಿ. ಒಂದೇ ಮನೆಯಲ್ಲಿ, ಒಂದೇ ಸಂಡೇ ಸ್ಕೂಲಿನಲ್ಲಿ ಅಕ್ಕನ ಜೊತೆ ಬಾಯಿಪಾಠ ಮಾಡಿದವರು ಅವರು. ಅಮ್ಮನಿಗೆ ಯಾವ ಸಂಗೀತ ಗೊತ್ತು, ಯಾವ ವಚನಕ್ಕೆ ಬಹುಮಾನ ಬಂದಿತ್ತು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಳೆಯ ಸತ್ಯವೇದವನ್ನು ಅವರ ಕೈಗೆ ಕೊಡಿ, 23ನೇ ಕೀರ್ತನೆಯನ್ನು ಅವರೇ ಓದಲಿ. 'ಯೆಹೋವನು ನನಗೆ ಕುರುಬನು' ಎಂದಲ್ಲಿ ನಿಲ್ಲಿಸಿ, ಅಕ್ಕನ ಮುಖ ನೋಡಿ ಕಾಯಲು ಹೇಳಿ.